ನಮ್ಮ ಹಳೆಯ ಕನ್ನಡ ಫೈಲುಗಳನ್ನು ಉಳಿಸಿಕೊಡಿ: ಮಹಾಲಿಂಗಪುರದಿಂದ ಒಂದು ಬಹಿರಂಗ ಪತ್ರ

ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಮಾನ್ಯ ಅಧ್ಯಕ್ಷರಿಗೆ, ಹಾಗೂ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಕನ್ನಡ ಟೈಪ್ ಮಾಡಿ, ಅಚ್ಚು ಹಾಕಿ ಹೊಟ್ಟೆ ಹೊರೆಯುತ್ತಿರುವ ನನ್ನ ಎಲ್ಲ ವೃತ್ತಿಬಾಂಧವರಿಗೆ,

ನಮಸ್ಕಾರಗಳು.

ನಾನು ಮಹಾಲಿಂಗಪುರದಲ್ಲಿ ಇಪ್ಪತ್ತೈದು ವರ್ಷಗಳಿಂದ ಡಿಟಿಪಿ ಅಂಗಡಿ ನಡೆಸುತ್ತ ಬಂದವಳು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಪುಣ್ಯಸ್ಮರಣೆಯ ಕಾರ್ಡು, ಬೆಲ್ಲದ ಅಡತಿ ಅಂಗಡಿಗಳ ಬಿಲ್ ಪುಸ್ತಕ, ಸೊಸಾಯಿಟಿಗಳ ವಾರ್ಷಿಕ ವರದಿ, ಶಾಲೆಗಳ ಸ್ಮರಣ ಸಂಚಿಕೆ, ಭಜನಾ ಮಂಡಳಿಗಳ ಪದಗಳ ಪುಸ್ತಿಕೆ, ಹೀಗೆ ಒಂದು ಊರು ತನ್ನ ಬಗ್ಗೆ ತಾನು ಬರೆದುಕೊಳ್ಳುವುದೆಲ್ಲ ಒಂದಲ್ಲ ಒಂದು ದಿನ ನನ್ನ ಟೇಬಲ್ಲಿನ ಮೇಲೆ ಹಾದುಹೋಗಿದೆ. ಆ ಬರವಣಿಗೆಯಲ್ಲಿ ಹೆಚ್ಚಿನ ಪಾಲು ಇವತ್ತು ಯಾವ ಮೊಬೈಲಿಗೂ ಓದಲು ಬಾರದ ಸ್ಥಿತಿಯಲ್ಲಿ, ಹಳೆಯ ಹಾರ್ಡ್ ಡಿಸ್ಕುಗಳಲ್ಲಿಯೂ ಸಿಡಿಗಳಲ್ಲಿಯೂ ಉಳಿದಿದೆ. ಅದನ್ನು ಯುನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರು, ಮೊಬೈಲುಗಳೂ ಒಂದೇ ರೀತಿ ಓದಬಲ್ಲ ಅಕ್ಷರ ಸಂಕೇತಗಳಿಗೆ, ಪರಿವರ್ತಿಸಿ ಉಳಿಸಿಕೊಳ್ಳಲು ಜಿಲ್ಲೆಗೊಂದು ವ್ಯವಸ್ಥೆ ಮಾಡಿಕೊಡಬೇಕೆಂದು ಕೇಳಿಕೊಳ್ಳುವುದಕ್ಕಾಗಿಯೇ ಈ ಪತ್ರವನ್ನು ಬರೆಯುತ್ತಿದ್ದೇನೆ.

ಇದನ್ನು ಬರೆಯಲೇಬೇಕೆಂದು ನನಗೆ ಅನ್ನಿಸಿದ್ದು ಕಳೆದ ಬೇಸಿಗೆಯಲ್ಲಿ. ಪದವಿ ಓದುತ್ತಿರುವ, ಹುಟ್ಟಿನಿಂದಲೇ ಕಣ್ಣು ಕಾಣದ ಒಬ್ಬ ಹುಡುಗ ತನ್ನ ತಂಗಿಯ ಕೈ ಹಿಡಿದುಕೊಂಡು ಅಂಗಡಿಗೆ ಬಂದಿದ್ದ. ಅವನು ಓದುವ ಸಂಸ್ಥೆಯಿಂದ ಕನ್ನಡ ಪಾಠದ ಟಿಪ್ಪಣಿಗಳನ್ನು ಮೊಬೈಲಿಗೆ ಕಳಿಸಿದ್ದರು. ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶದ ನೆರವಿನಿಂದ ದಿನಪತ್ರಿಕೆಯನ್ನೂ ಪಾಠವನ್ನೂ ತಾನೇ ಓದಿಕೊಳ್ಳುವ ಹುಡುಗ ಅವನು. "ಅಕ್ಕಾರ, ಇದನ್ನ ನನ್ನ ಮೊಬೈಲ್ ಓದೂಹಂಗ ಮಾಡಿ ಕೊಡ್ರಿ" ಎಂದು ಫೋನನ್ನು ನನ್ನ ಮುಂದೆ ಹಿಡಿದು, ಆ ಟಿಪ್ಪಣಿಯ ಮೊದಲ ಸಾಲಿನ ಮೇಲೆ ಬೆರಳಿಟ್ಟ. ಫೋನು "ಪಿ, ಎ, ಪೌಂಡ್, ಎ" ಎಂದು ಒಂದೊಂದೇ ಚಿಹ್ನೆಯ ಹೆಸರು ಹೇಳತೊಡಗಿತು. ತಂಗಿ ನಾಚಿಕೆಯಿಂದ ತಲೆ ತಗ್ಗಿಸಿದಳು, ತಪ್ಪು ಅವರದೇ ಎಂಬಂತೆ. ಪರದೆಯ ಮೇಲೆ ನನ್ನ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ ಕಾಣುತ್ತಿತ್ತು. ಅವನ ಕಿವಿಗೆ ಮಾತ್ರ ಒಂದಕ್ಷರ ಕನ್ನಡವೂ ಬೀಳುತ್ತಿರಲಿಲ್ಲ.

ಇದು ಹೇಗೆ ಸಾಧ್ಯ ಎಂಬುದನ್ನು ನಮ್ಮ ವೃತ್ತಿಯ ಹೊರಗಿನವರಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಕೆಲಸ ಕಲಿತ ಕಾಲದ ಕನ್ನಡ ಫಾಂಟುಗಳಿಗೆ ಕಂಪ್ಯೂಟರಿನಲ್ಲಿ ತಮ್ಮದೇ ಜಾಗವಿರಲಿಲ್ಲ. ಒಟ್ಟು 256 ಸ್ಥಾನಗಳಿದ್ದ ರೋಮನ್ ಅಕ್ಷರಗಳ ಪಟ್ಟಿಯಲ್ಲಿ, ಒಂದೊಂದು ರೋಮನ್ ಚಿಹ್ನೆಯ ಮೇಲೆ ಕನ್ನಡ ಅಕ್ಷರದ ಒಂದೊಂದು ತುಂಡಿನ ಚಿತ್ರವನ್ನು ಕೂರಿಸಲಾಗಿತ್ತು. 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ 'ಕನ್ನಡ' ಎಂದು ಹೊಡೆದರೆ ಒಳಗೆ ಸೇರುವುದು ಏಳು ಚಿಹ್ನೆಗಳು: ಕಕಾರದ ಒಡಲಿಗೆ ಒಂದು, ಅದರ ತಲೆಕಟ್ಟಿಗೆ ಒಂದು, ನಕಾರದ ಒಡಲಿಗೆ ಒಂದು, ಮತ್ತೆ ತಲೆಕಟ್ಟು, ನಕಾರದ ಒತ್ತು, ಡಕಾರದ ಒಡಲು, ಮತ್ತೊಮ್ಮೆ ತಲೆಕಟ್ಟು. ಆ ನಕಾರದ ಒಡಲು ಕೂತಿರುವ ಜಾಗವು ನಿಜವಾಗಿ ಇಂಗ್ಲೆಂಡಿನ ಪೌಂಡ್ ನಾಣ್ಯದ ಚಿಹ್ನೆಯದು. ಫಾಂಟ್ ಇರುವ ಕಂಪ್ಯೂಟರಿನಲ್ಲಿ, ಇಲ್ಲವೆ ಫಾಂಟನ್ನು ಒಳಗೇ ಸೇರಿಸಿ ಕಳಿಸಿದ ಫೈಲಿನಲ್ಲಿ, ತುಂಡುಗಳೆಲ್ಲ ಒಟ್ಟುಗೂಡಿ ಕನ್ನಡವಾಗಿ ಕಾಣುತ್ತವೆ. ಫಾಂಟ್ ಇಲ್ಲದ ಕಡೆ ಕೆಳಗಿನ ರೋಮನ್ ಚಿಹ್ನೆಗಳು ಹೊರಬೀಳುತ್ತವೆ. ಓದಿ ಹೇಳುವ ತಂತ್ರಾಂಶವು ಚಿತ್ರವನ್ನು ನೋಡುವುದಿಲ್ಲ, ಒಳಗಿನ ಚಿಹ್ನೆಯನ್ನೇ ಓದುತ್ತದೆ. ಆ ಹುಡುಗನ ಫೋನು ಸುಳ್ಳು ಹೇಳಲಿಲ್ಲ, ಫೈಲಿನಲ್ಲಿ ಇದ್ದದ್ದನ್ನೇ ಹೇಳಿತು.

ಯುನಿಕೋಡಿನಲ್ಲಿ ಹಾಗಲ್ಲ. 1991ರಲ್ಲಿ ಹೊರಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ತನ್ನದೇ ಪಟ್ಟಿಯನ್ನು ಕಾದಿರಿಸಲಾಗಿದೆ. ಅಲ್ಲಿ 'ಕನ್ನಡ' ಎಂದರೆ ಐದು ಸಂಕೇತಗಳು: ಕ, ನ, ಅರ್ಧಾಕ್ಷರದ ಗುರುತು, ಇನ್ನೊಂದು ನ, ಡ. ನಾವು ಬಾಯಲ್ಲಿ ಉಚ್ಚರಿಸುವ ಕ್ರಮದಲ್ಲಿಯೇ ಅವು ಸಾಲಾಗಿ ನಿಲ್ಲುತ್ತವೆ, ಒತ್ತು ಎಲ್ಲಿ ಕೂರಬೇಕು, ತಲೆಕಟ್ಟು ಎಲ್ಲಿ ಮುರಿಯಬೇಕು ಎಂಬುದನ್ನು ಫಾಂಟು ನೋಡಿಕೊಳ್ಳುತ್ತದೆ. ಆದ್ದರಿಂದಲೇ ಅದನ್ನು ಹುಡುಕಲು ಬರುತ್ತದೆ, ಅಕಾರಾದಿಯಾಗಿ ಜೋಡಿಸಲು ಬರುತ್ತದೆ, ಯಾವ ಫೋನಿಗೆ ಕಳಿಸಿದರೂ ಕನ್ನಡವಾಗಿಯೇ ತೆರೆದುಕೊಳ್ಳುತ್ತದೆ, ಕಣ್ಣಿಲ್ಲದವರಿಗೆ ಕಿವಿಯಲ್ಲಿ ಕೇಳುತ್ತದೆ.

ಹಳೆಯ ವ್ಯವಸ್ಥೆಯನ್ನು ಕಟ್ಟಿದವರನ್ನು ದೂರುವುದು ನನ್ನ ಉದ್ದೇಶ ಖಂಡಿತ ಅಲ್ಲ. ನಮ್ಮಂಥವರಿಗೆ ಅನ್ನ ಕೊಟ್ಟದ್ದೇ ಅದು. ಕನ್ನಡ ಟೈಪ್ ಮಾಡುವ ತಂತ್ರಾಂಶವಾದ ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂದಾಗಲೂ, ಅದಾದ ಕೆಲವೇ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದಾಗಲೂ, ಸಾವಿರಾರು ರೂಪಾಯಿ ಕೊಟ್ಟು ತಂತ್ರಾಂಶ ಕೊಳ್ಳಲಾಗದ ನಮ್ಮಂಥ ಸಣ್ಣ ಊರಿನ ಅಂಗಡಿಗಳಿಗೆ ಮರುಜೀವ ಬಂದಂತಾಗಿತ್ತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯನ್ನು ನಾನು ಎಂಟು ದಿನಗಳಲ್ಲಿ ಕಲಿತೆ. ಅಲ್ಪಪ್ರಾಣ ಇದ್ದ ಕೀಲಿಯಲ್ಲಿಯೇ ಶಿಫ್ಟ್ ಒತ್ತಿದರೆ ಮಹಾಪ್ರಾಣ ಬರುವ ಆ ಏರ್ಪಾಡು, ಕಾಗುಣಿತ ಬಲ್ಲ ಯಾರಿಗಾದರೂ ತಾನಾಗಿ ಒಲಿಯುವಂಥದ್ದು. ಪಿಯುಸಿ ಮುಗಿಸಿ ಮುಂದೆ ಓದಲಾಗದೆ ಕೂತಿದ್ದ ನನ್ನಂಥ ಎಷ್ಟು ಹೆಣ್ಣುಮಕ್ಕಳು ಆ ಕೀಲಿಮಣೆಯ ಮೇಲೆ ಬೆರಳಿಟ್ಟು ತಮ್ಮ ಕಾಲ ಮೇಲೆ ತಾವು ನಿಂತಿದ್ದಾರೆ ಎಂಬುದನ್ನು ನಾನು ಬಲ್ಲೆ. ಕಂಪ್ಯೂಟರುಗಳಲ್ಲಿ ಯುನಿಕೋಡ್ ಕನ್ನಡ ಸರಿಯಾಗಿ ಮೂಡದಿದ್ದ ಕಾಲಕ್ಕೆ ಆ ಫಾಂಟುಗಳೇ ಸರಿಯಾದ ದಾರಿಯಾಗಿದ್ದವು. ಆ ಕಾಲ ಮುಗಿದು ಬಹಳ ವರ್ಷಗಳಾದ ಮೇಲೂ ನಾವು ಅದೇ ದಾರಿಯಲ್ಲಿ ನಡೆಯುತ್ತಿರುವುದೇ ನನ್ನ ಚಿಂತೆ.

ಈಗ ನನ್ನ ಹವ್ಯಾಸದ ಮಾತು. ನನ್ನ ಸೋದರಮಾವ ನಮ್ಮ ಸೀಮೆಯ ಜನಪದ ಆಟವಾದ ಶ್ರೀಕೃಷ್ಣ ಪಾರಿಜಾತದ ಮೇಳದಲ್ಲಿ ಹಿಮ್ಮೇಳದವರಾಗಿದ್ದರು. ಕುಲಗೋಡ ತಮ್ಮಣ್ಣನವರ ಹೆಸರಿನೊಂದಿಗೆ ಬೆಳೆದುಬಂದ, ಕೌಜಲಗಿ ನಿಂಗಮ್ಮನವರಂಥ ಕಲಾವಿದೆಯರು ಮನೆಮಾತಾಗಿಸಿದ ಆ ಆಟದ ಬಗ್ಗೆ ನಮ್ಮ ಸೀಮೆಯವರಿಗೆ ನಾನು ಹೇಳಬೇಕಾದ್ದಿಲ್ಲ. ಮಾವ ತಮ್ಮ ಮೇಳದ ಪದಗಳನ್ನೂ ಊರೂರಿನಲ್ಲಿ ಕೇಳಿದ ತತ್ವಪದ, ಡೊಳ್ಳಿನ ಪದಗಳನ್ನೂ ಲೆಕ್ಕದ ಪುಸ್ತಕದಂಥ ಉದ್ದನೆಯ ವಹಿಯಲ್ಲಿ ಬರೆದಿಟ್ಟಿದ್ದರು. ಅಂಗಡಿಯ ಬಾಗಿಲು ಹಾಕಿದ ಮೇಲೆ ದಿನಕ್ಕೆ ಒಂದು ಪದ, ಎರಡು ಪದ ಎಂದು ಅವನ್ನು ಟೈಪ್ ಮಾಡುವುದು ನನ್ನ ರೂಢಿಯಾಯಿತು. ಮಾವ ಬರೆದದ್ದು ಆಡುವ ಹಾಗೆಯೇ: 'ಹೋಗುತ್ತಾನೆ' ಎಂದಲ್ಲ, 'ಹೊಕ್ಕಾನ' ಎಂದು, 'ಏಕೆ' ಎಂದಲ್ಲ, 'ಯಾಕ' ಎಂದು. ಅದನ್ನು ತಿದ್ದಬಾರದೆಂದು ಮಾವ ಹೇಳಿದ್ದರು, ನಾನು ತಿದ್ದಲಿಲ್ಲ. ಐದು ವರ್ಷಗಳಲ್ಲಿ ಆ ವಹಿ ಪೂರ್ತಿಯಾಯಿತು. ನಾನು ಟೈಪ್ ಮಾಡುವುದನ್ನು ಕಂಡು ಬೇರೆಯವರೂ ತಮ್ಮ ಮನೆಯ ಪದಗಳನ್ನು ತಂದುಕೊಟ್ಟರು. ರಾಶಿಯ ಕಣದಲ್ಲಿ ಹಾಡುತ್ತಿದ್ದ ಹಂತಿಪದಗಳನ್ನು ಒಬ್ಬ ಅಜ್ಜ ನನ್ನೆದುರು ಕುರ್ಚಿಯಲ್ಲಿ ಕೂತು ಹಾಡಿ ಬರೆಸಿದರು. ರಾಶಿ ಮಾಡುವ ಯಂತ್ರ ಬಂದ ಮೇಲೆ ಅವನ್ನು ಹಾಡುವ ಸಂದರ್ಭವೇ ಉಳಿದಿಲ್ಲವೆಂದು ಹೇಳಿ ಕಣ್ಣೊರೆಸಿಕೊಂಡಿದ್ದರು.

ಆ ಅಜ್ಜನ ಪದಗಳು ಈಗ ಇಲ್ಲ. ಅವನ್ನು ಇಟ್ಟಿದ್ದ ಹಾರ್ಡ್ ಡಿಸ್ಕು ಒಂದು ದಿನ ಕಟಕಟ ಸದ್ದು ಮಾಡಿ ನಿಂತುಹೋಯಿತು. ಡಾಟಾ ತೆಗೆಯುವವರಿಗೆ ಕೊಟ್ಟು ಕಳಿಸಿದರೆ ಅರ್ಧದಷ್ಟು ಫೈಲುಗಳು ಮರಳಿ ಬಂದವು. ಬಂದವುಗಳಲ್ಲಿ ಹಲವಕ್ಕೆ ಹೆಸರಿರಲಿಲ್ಲ, ತೆರೆದರೆ ರೋಮನ್ ಚಿಹ್ನೆಗಳ ಸಾಲು. ಅವು ಯಾವ ಫಾಂಟಿನವು, ನುಡಿಯೋ, ಹಳೆಯ ಬರಹವೋ, ಶ್ರೀಲಿಪಿಯೋ ಎಂಬುದೇ ತಿಳಿಯದು. ಒಂದೊಂದು ಕಂಪನಿಯ ಫಾಂಟು ತನ್ನದೇ ಬೇರೆ ಪಟ್ಟಿಯನ್ನು ಇಟ್ಟುಕೊಂಡಿದ್ದ ದಿನಗಳ ಫೈಲುಗಳವು. ಅವು ಯುನಿಕೋಡಿನಲ್ಲಿ ಇದ್ದಿದ್ದರೆ, ಹೆಸರಿಲ್ಲದ ಫೈಲನ್ನೂ ತೆರೆದು ಮೊದಲ ಸಾಲನ್ನು ಓದಿದೊಡನೆ ಇದು ಯಾರ ಪದ ಎಂದು ಗುರುತಿಸಬಹುದಿತ್ತು. ಅಜ್ಜ ತೀರಿಕೊಂಡಿದ್ದಾರೆ. ಅವರ ಮಗ ಬಂದು ಒಂದು ಪ್ರತಿ ಕೇಳಿದಾಗ ನಾನು ಕೊಡಲಾಗಲಿಲ್ಲ.

ಇದು ನನ್ನೊಬ್ಬಳ ಅಂಗಡಿಯ ಕಥೆಯಾಗಿದ್ದರೆ ತಮ್ಮ ಸಮಯವನ್ನು ತೆಗೆದುಕೊಳ್ಳುತ್ತಿರಲಿಲ್ಲ. ಜಮಖಂಡಿ, ಮುಧೋಳ, ಇಳಕಲ್ಲು, ಇಂಡಿ, ಸಿಂದಗಿ, ಗೋಕಾಕ, ಅಥಣಿ, ಯಾವ ಊರಿಗೆ ಹೋದರೂ ನನ್ನ ವಯಸ್ಸಿನ ಡಿಟಿಪಿ ಅಂಗಡಿ ಒಂದಾದರೂ ಸಿಗುತ್ತದೆ. ಮಠಗಳ ಜಾತ್ರೆಯ ಸಂಚಿಕೆ, ಊರಿನ ಇತಿಹಾಸದ ಪುಸ್ತಿಕೆ, ನಿವೃತ್ತ ಶಿಕ್ಷಕರು ಸ್ವಂತ ಖರ್ಚಿನಿಂದ ಇನ್ನೂರೋ ಮುನ್ನೂರೋ ಪ್ರತಿ ಹಾಕಿಸಿದ ಕವನ ಸಂಕಲನ, ಇವುಗಳ ಮೂಲ ಫೈಲು ಲೇಖಕರ ಬಳಿ ಇರುವುದಿಲ್ಲ, ಗ್ರಂಥಾಲಯದಲ್ಲಿಯೂ ಇರುವುದಿಲ್ಲ, ಇದ್ದರೆ ಅಂಥ ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಪೆಟ್ಟಿಗೆಯಲ್ಲಿ ಇರುತ್ತದೆ. ಅಂಗಡಿಗಾರರು ವಯಸ್ಸಾಗಿ ಬಾಗಿಲು ಮುಚ್ಚುತ್ತಿದ್ದಾರೆ. ಹಳೆಯ ಕಂಪ್ಯೂಟರುಗಳು ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗುತ್ತಿವೆ.

ಮನೆಮನೆಗೆ ಅಲೆದು ತಾಡೋಲೆಗಳನ್ನು ಕೂಡಿಸಿದ ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿಯೇ ಬಾಳಿದವರು. ಕೂಡಿಸಿದ ವಚನಗಳನ್ನು ಅಚ್ಚು ಮಾಡಲೆಂದು 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಹಾಕಿದರು, ಮರುವರ್ಷ 'ಶಿವಾನುಭವ' ಪತ್ರಿಕೆಯನ್ನು ಹೊರಡಿಸಿದರು, ಅದಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ತಾಡೋಲೆಯಲ್ಲಿದ್ದ ಅಕ್ಷರ ಸೀಸದ ಮೊಳೆಗೆ ಬಾರದೆ ಹೋಗಿದ್ದರೆ ಎಷ್ಟು ವಚನಗಳು ಅಟ್ಟದ ಮೇಲೆಯೇ ಗೆದ್ದಲಿಗೆ ಆಹಾರವಾಗುತ್ತಿದ್ದವೋ! ಇವತ್ತು 'ವಚನ ಸಂಚಯ' ಎಂಬ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿವೆ. ಯಾವುದಾದರೂ ಒಂದು ಪದವನ್ನು ಕೊಟ್ಟರೆ ಅದು ಯಾವ ಯಾವ ಶರಣರ ಮಾತಿನಲ್ಲಿ ಬಂದಿದೆ ಎಂದು ಕ್ಷಣದಲ್ಲಿ ತೋರಿಸುತ್ತದೆ. ಯುನಿಕೋಡಿನಲ್ಲಿ ಇರುವುದರಿಂದಲೇ ಅದು ಸಾಧ್ಯವಾಗಿದೆ. ವಚನಗಳಿಗೆ ದೊರೆತ ಈ ಭಾಗ್ಯ ಹಂತಿಪದಕ್ಕೂ ಡೊಳ್ಳಿನ ಪದಕ್ಕೂ ಯಾಕೆ ದೊರೆಯಬಾರದು?

ನನ್ನ ವೃತ್ತಿಬಾಂಧವರ ತಕರಾರುಗಳನ್ನೂ ಇಲ್ಲಿ ಹೇಳುವುದು ನ್ಯಾಯ. ಯುನಿಕೋಡಿಗೆ ಹೋದರೆ ಕೀಲಿಮಣೆಯನ್ನು ಹೊಸದಾಗಿ ಕಲಿಯಬೇಕೆಂಬ ಭಯ ಬಹಳ ಜನರಲ್ಲಿದೆ. ಆ ಭಯ ಬೇಡ. ಕೆ. ಪಿ. ರಾವ್ ಅವರ ಅದೇ ವಿನ್ಯಾಸದಲ್ಲಿ ಯುನಿಕೋಡ್ ಹೊಡೆಯಲು ಬರುತ್ತದೆ, ಬೆರಳಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಎರಡನೆಯ ತಕರಾರು ನಿಜವಾದದ್ದು. ನಾವು ಪುಟ ಕಟ್ಟುವ ಪೇಜ್‌ಮೇಕರ್ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯುನಿಕೋಡ್ ಗೊತ್ತಿಲ್ಲ. ಲಗ್ನಪತ್ರಿಕೆಗೆ ಬೇಕಾದ ಬಳ್ಳಿಯ ಅಕ್ಷರ, ದಪ್ಪ ಅಕ್ಷರ, ಓರೆ ಅಕ್ಷರಗಳು ಹಳೆಯ ಫಾಂಟುಗಳಲ್ಲಿ ಸಿಗುವಷ್ಟು ಯುನಿಕೋಡಿನಲ್ಲಿ ಇನ್ನೂ ಸಿಗುವುದಿಲ್ಲ. ಲಗ್ನದ ಮನೆಯವರು ನಾಳೆ ಬೆಳಗ್ಗೆಯೇ ಪತ್ರಿಕೆ ಬೇಕೆಂದು ನಿಂತಿರುವಾಗ ಹೊಸ ತಂತ್ರಾಂಶದ ಪ್ರಯೋಗಕ್ಕೆ ಯಾರೂ ಇಳಿಯುವುದಿಲ್ಲ. ಇದಕ್ಕೆ ನಾನು ಕಂಡುಕೊಂಡ ದಾರಿ ಸರಳವಾದದ್ದು: ಮೂಲವನ್ನು ಯುನಿಕೋಡಿನಲ್ಲಿ ಹೊಡೆದು ಒಂದು ಪ್ರತಿಯನ್ನು ಉಳಿಸಿಕೊಂಡು, ಅಚ್ಚಿಗೆ ಬೇಕಾದಷ್ಟನ್ನು ಮಾತ್ರ ಹಳೆಯ ಫಾಂಟಿಗೆ ಪರಿವರ್ತಿಸಿಕೊಳ್ಳುತ್ತೇನೆ. ಐದು ನಿಮಿಷದ ಹೆಚ್ಚಿನ ಕೆಲಸ. ಅಚ್ಚಿನ ಪ್ರತಿ ಹಾಳಾದರೂ ಮೂಲ ಉಳಿಯುತ್ತದೆ.

ಹಳೆಯದನ್ನು ಪರಿವರ್ತಿಸುವುದು ಇಷ್ಟು ಸುಲಭವಲ್ಲ, ಅದಕ್ಕಾಗಿಯೇ ಪ್ರಾಧಿಕಾರದ ನೆರವನ್ನು ಕೇಳುತ್ತಿದ್ದೇನೆ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ, ನಿಜ. ಆದರೆ ಹಳೆಯ ಫೈಲಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿರುತ್ತದೆ. 'ಕರ್ನಾಟಕ' ಎಂಬಲ್ಲಿ 'ನಾ' ಬಂದ ಮೇಲೆ ಅದು ಬರುತ್ತದೆ. ಯುನಿಕೋಡಿನಲ್ಲಿ ರಕಾರ ಉಚ್ಚಾರದಂತೆ ಮುಂಚೆಯೇ ಬರಬೇಕು. ಅದನ್ನು ಹಿಂದಕ್ಕೆ ತಂದು ಕೂರಿಸುವಾಗ, ಒತ್ತಕ್ಷರಗಳು ಹೆಚ್ಚಿದ್ದ ಕಡೆ ತಪ್ಪುಗಳು ಆಗುತ್ತವೆ. ನಡುನಡುವೆ ಇಂಗ್ಲಿಷ್ ಪದ ಬಂದಿದ್ದರೆ ಅದೂ ಕನ್ನಡದ ತುಂಡುಗಳಾಗಿ ಮಾರ್ಪಟ್ಟು ಅರ್ಥ ಕೆಡುತ್ತದೆ. 'ರ‍್ಯಾಂಕ್', 'ರ‍್ಯಾಲಿ' ಎಂಬಂಥ ಪದಗಳಲ್ಲಿ ಅರ್ಕಾವತ್ತು ಬಾರದಂತೆ ಕಣ್ಣಿಗೆ ಕಾಣದ ಒಂದು ಗುರುತನ್ನು ನಡುವೆ ಸೇರಿಸಬೇಕಾಗುತ್ತದೆ, ಅದು ಬಹಳ ಮಂದಿಗೆ ತಿಳಿಯದು. ಅಂದರೆ ಯಂತ್ರ ಮಾಡಿದ್ದನ್ನು ಕನ್ನಡ ಬಲ್ಲ ಮನುಷ್ಯ ಕೂತು ಪ್ರೂಫ್ ನೋಡಲೇಬೇಕು. ನಮ್ಮ ಸೀಮೆಯ ಪದಗಳಿಗಾದರೆ ನಮ್ಮ ಸೀಮೆಯವರೇ ನೋಡಬೇಕು. ಇಲ್ಲವಾದರೆ 'ಹಗೇವು' ಎಂದರೆ ಕಾಳು ತುಂಬುವ ನೆಲದ ಕುಣಿ ಎಂದು ತಿಳಿಯದವರು ಅದನ್ನು ಅಚ್ಚಿನ ತಪ್ಪೆಂದು ತಿದ್ದಿಬಿಡುತ್ತಾರೆ.

ಬಲ್ಲವರು ಹತ್ತಿರ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಯುನಿಕೋಡಿನಲ್ಲಿಯೇ ಒಂದು ಉದಾಹರಣೆ ಇದೆ. ರನ್ನನ ಕಾಲದ ಕನ್ನಡದಲ್ಲಿ ಹೇರಳವಾಗಿ ಬಳಕೆಯಲ್ಲಿದ್ದ 'ೞ' ಅಕ್ಷರಕ್ಕೆ ಆ ಪಟ್ಟಿಯಲ್ಲಿ ತಪ್ಪಾಗಿ 'ಫ' ಉಚ್ಚಾರದ ಇಂಗ್ಲಿಷ್ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸುವಂತಿಲ್ಲ ಎಂಬುದು ಅಲ್ಲಿಯ ನಿಯಮವಾದ್ದರಿಂದ, ಸರಿಯಾದ ಹೆಸರನ್ನು ಪಕ್ಕದಲ್ಲಿ ಇನ್ನೊಂದಾಗಿ ಸೇರಿಸಿದ್ದಾರೆ, ತಪ್ಪು ಹೆಸರು ಹಾಗೆಯೇ ಉಳಿದಿದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಯಲ್ಲಿ 'ಪೆಱನಲ್ಲ' ಎಂದು ಕೊರೆದವರ ಕೈ ಹದಿಮೂರು ನೂರು ವರ್ಷಗಳ ಹಿಂದೆ, ೞದಂತೆಯೇ ಇಂದು ಬಳಕೆ ತಪ್ಪಿರುವ ಱಕಾರವನ್ನು ತಪ್ಪಿಲ್ಲದೆ ಬಂಡೆಯ ಮೇಲೆ ಮೂಡಿಸಿತ್ತು.

ಆದುದರಿಂದ ಪ್ರಾಧಿಕಾರವು ಈ ಮೂರು ಜಿಲ್ಲೆಗಳಲ್ಲಿ ಮೊದಲಿಗೆ ಒಂದೊಂದು ಶಿಬಿರವನ್ನಾದರೂ ಏರ್ಪಡಿಸಬೇಕೆಂದು ಪ್ರಾರ್ಥಿಸುತ್ತೇನೆ. ಜಿಲ್ಲಾ ಕೇಂದ್ರ ಗ್ರಂಥಾಲಯದ ಒಂದು ಕೋಣೆ, ನಾಲ್ಕು ಕಂಪ್ಯೂಟರು, ಸಿಡಿಯನ್ನೂ ಹಳೆಯ ಹಾರ್ಡ್ ಡಿಸ್ಕನ್ನೂ ಓದಬಲ್ಲ ಸಾಧನಗಳು, ಎಲ್ಲ ಹಳೆಯ ಫಾಂಟುಗಳ ಪಟ್ಟಿ ತಿಳಿದ ಪರಿವರ್ತಕ, ಮತ್ತು ಪ್ರೂಫ್ ನೋಡಲು ಕನ್ನಡ ಎಂ.ಎ. ಓದುತ್ತಿರುವ ಕೆಲವು ವಿದ್ಯಾರ್ಥಿಗಳು ಇದ್ದರೆ ಸಾಕು. ಅಂಗಡಿಗಾರರೂ ಮಠದವರೂ ಮೇಳದವರೂ ತಮ್ಮಲ್ಲಿರುವುದನ್ನು ತರಲಿ. ಲೇಖಕರ ಒಪ್ಪಿಗೆ ಇದ್ದದ್ದನ್ನು ಗ್ರಂಥಾಲಯ ಎಲ್ಲರಿಗೂ ತೆರೆದಿಡಲಿ, ಇಲ್ಲದ್ದನ್ನು ಪರಿವರ್ತಿಸಿ ತಂದವರಿಗೇ ಮರಳಿ ಕೊಡಲಿ. ವಿದ್ಯಾರ್ಥಿಗಳಿಗೂ ಸಾರ್ವಜನಿಕರಿಗೂ ಯಾವುದೇ ಕಚೇರಿ, ಯಾವುದೇ ಶಿಕ್ಷಣ ಸಂಸ್ಥೆ ಕನ್ನಡದಲ್ಲಿ ಕಳಿಸುವ ಪ್ರತಿಯೊಂದು ಫೈಲೂ ಯುನಿಕೋಡಿನಲ್ಲಿಯೇ ಇರಬೇಕೆಂದು, ಹಾಗಿಲ್ಲದಿದ್ದರೆ ಕಣ್ಣು ಕಾಣದವರಿಗೆ ಅದು ಖಾಲಿ ಹಾಳೆಗೆ ಸಮವೆಂದು, ತಾವು ಒಂದು ಸುತ್ತೋಲೆಯ ಮೂಲಕ ಎಲ್ಲರ ಗಮನಕ್ಕೆ ತರಬೇಕೆಂದೂ ಬೇಡಿಕೊಳ್ಳುತ್ತೇನೆ.

ಆ ಹುಡುಗನ ಟಿಪ್ಪಣಿಗಳನ್ನು ನಾನು ಎರಡು ರಾತ್ರಿ ಕೂತು ಪರಿವರ್ತಿಸಿ, ಪ್ರೂಫ್ ತಿದ್ದಿ ಕಳಿಸಿದೆ. ಒಟ್ಟು ನಲವತ್ತಾರು ಪುಟ. ಮೂರನೆಯ ದಿನ ಅವನು ಫೋನ್ ಮಾಡಿ, ಹನ್ನೆರಡನೆಯ ಪುಟದಲ್ಲಿ 'ಧರ್ಮ' ಎಂಬುದು 'ಧಮರ್' ಎಂದು ಓದಿಸಿಕೊಳ್ಳುತ್ತಿದೆ ಎಂದು ತಿಳಿಸಿದ. ನನ್ನ ಕಣ್ಣಿಗೆ ತಪ್ಪಿಹೋಗಿದ್ದ ಅರ್ಕಾವತ್ತನ್ನು ಅವನು ಕಿವಿಯಿಂದ ಹಿಡಿದಿದ್ದ. ಶಿಬಿರ ನಡೆದರೆ ಪ್ರೂಫ್ ನೋಡುವವರ ಪೈಕಿ ತನ್ನನ್ನೂ ಸೇರಿಸಬೇಕೆಂದು ಅವನು ಕೇಳಿದ್ದಾನೆ, ಅದನ್ನು ಇಲ್ಲಿ ತಮಗೆ ತಲುಪಿಸುತ್ತಿದ್ದೇನೆ. ನನ್ನ ಪಾಲಿಗೆ ಎರಡು ಹಾರ್ಡ್ ಡಿಸ್ಕು, ಒಂದು ಚೀಲದ ತುಂಬ ಸಿಡಿ, ಹೆಸರಿಲ್ಲದ ಆ ಫೈಲುಗಳು ಮತ್ತು ಮಾವನ ವಹಿ ಇವೆ. ದಿನವನ್ನು ತಿಳಿಸಿದರೆ ಎಲ್ಲವನ್ನೂ ತೆಗೆದುಕೊಂಡು ಬಾಗಲಕೋಟೆಗೆ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಹಾಲಿಂಗಪುರದ ಒಬ್ಬ ಡಿಟಿಪಿ ಕೆಲಸಗಾರ್ತಿ